ಕಾವಲಿ ಎದುರಿನ ಸ್ಟೂಲು

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಹ್ಯಾಂಬರ್ಗರ್ ತಿಂದವನಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸಿದ್ದೇ ಒಂದು ದೊಡ್ಡ ಗಲಾಟೆ. ಹಾಗಿರುವಾಗ ಬರ್ಗರ್ ಅಂಗಡಿ ಬಗ್ಗೆ ಮಾತಾಡಲು ಇವನಿಗೇನು ಯೋಗ್ಯತೆ ಅಂತ ನೀವು ಕೇಳಬಹುದು. ಯೋಗ್ಯತೆ ಇಷ್ಟೇ: ನಾನು ನೋಡಿದ್ದೇನೆ. ನಾಲ್ಕು ವರ್ಷ, ವಾರಕ್ಕೆ ಎರಡು ಸಲವಾದರೂ, ಕಾವಲಿಯಿಂದ ಮೂರಡಿ ದೂರದ ಸ್ಟೂಲಿನ ಮೇಲೆ ಕೂತು ನೋಡಿದ್ದೇನೆ. ತಿನ್ನುವವರು ತಮ್ಮ ತಟ್ಟೆ ನೋಡಿಕೊಳ್ಳುತ್ತಾರೆ. ತಿನ್ನದವನು ಏನು ಮಾಡಬೇಕು ಹೇಳಿ? ಅಡುಗೆಯವನ ಕೈ ನೋಡಬೇಕು.

ಊರಿನ ಹೆಸರು ವಿಚಿಟಾ. ಕ್ಯಾನ್ಸಸ್ ರಾಜ್ಯದಲ್ಲಿದೆ. ಅಮೆರಿಕದ ನಕ್ಷೆಯನ್ನು ಉದ್ದುದ್ದ ಅಡ್ಡಡ್ಡ ಮಡಚಿದರೆ ಮಡಿಕೆ ಕೂಡುವ ಕಡೆ ಹುಡುಕಿ, ಅಲ್ಲೇ ಆಸುಪಾಸಿನಲ್ಲಿ ಸಿಗುತ್ತದೆ. ಸುತ್ತ ಗೋಧಿ ಹೊಲ, ದನ, ಮತ್ತೆ ಗಾಳಿ. ಆದರೆ ವಿಮಾನ ತಯಾರಿಕೆಗೆ ದೊಡ್ಡ ಹೆಸರು. ಸೆಸ್ನಾ, ಬೀಚ್, ಲಿಯರ್‌ಜೆಟ್ ಎಲ್ಲ ಆ ಊರಿನವೇ. ನಾನು ಹೋಗಿದ್ದೂ ಆ ಕೆಲಸಕ್ಕೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿಯವನೊಬ್ಬ, ಮೊದಲ ವಾರವೇ ಮಧ್ಯಾಹ್ನ ಊಟಕ್ಕೆ ಕರೆದುಕೊಂಡು ಹೋದ. ನಾನು ದನದ ಮಾಂಸ ತಿನ್ನೋದಿಲ್ಲ ಅಂದೆ. ಪರವಾಗಿಲ್ಲ ಬಾ, ಚೀಸ್ ಇದೆ ಅಂದ. ನಾಲ್ಕು ವರ್ಷ ಆ ಚೀಸಿನಲ್ಲೇ ಕಳೆಯಿತು.

ಹಳೇ ಕಾಲದ ಬರ್ಗರ್ ಸ್ಟ್ಯಾಂಡ್ ಅಂದ ತಕ್ಷಣ ನಮ್ಮ ಮಾಲ್‌ಗಳಲ್ಲಿರುವ ಅಂಗಡಿಗಳನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ನಮ್ಮ ಕಡೆ ಬಸ್ ನಿಲ್ದಾಣದ ಎದುರು ಇರುತ್ತದಲ್ಲ, ಚಿಕ್ಕ ಹೋಟೆಲು, ಅಷ್ಟು ಅಗಲ. ಉದ್ದಕ್ಕೆ ಒಂದು ಕಟ್ಟೆ. ಅದನ್ನೇ ಕೌಂಟರ್ ಅನ್ನುತ್ತಾರೆ. ಕಟ್ಟೆ ಈಚೆ ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಹನ್ನೊಂದು ಸ್ಟೂಲು. ಕೆಂಪು ಸೀಟು, ಗಿರ್ರಂತ ತಿರುಗುತ್ತದೆ. ಅರವತ್ತು ವರ್ಷದವರೂ ಕೂತ ತಕ್ಷಣ ಒಂದು ಸುತ್ತು ತಿರುಗಿಸಿಯೇ ತೀರುತ್ತಾರೆ. ಕಟ್ಟೆ ಆಚೆ ಒಬ್ಬ ಅಡುಗೆಯವನು, ಒಬ್ಬಾಕೆ ಬಡಿಸುವವಳು, ಒಂದು ಕಬ್ಬಿಣದ ಕಾವಲಿ. ಟೇಬಲ್ಲು ಇಲ್ಲ. ಅಡುಗೆಮನೆ ಅಂತ ಬೇರೆ ಇಲ್ಲವೇ ಇಲ್ಲ. ನೀವು ಕೂತಿರುವುದೇ ಅಡುಗೆಮನೆಯಲ್ಲಿ.

ಇದು ಹೀಗೆ ಏಕಿದೆ ಅನ್ನೋದೇ ಇವತ್ತಿನ ಮಾತು. ಜಾಗ ಸಾಲದೆ ಹೀಗೆ ಮಾಡಿಕೊಂಡಿದ್ದಾರೆ ಅಂತ ನಾನು ಮೊದಲು ತಿಳಿದಿದ್ದೆ. ಅದೂ ನಿಜವೇ. ಆದರೆ ಜಾಸ್ತಿ ಕಾರಣ ಭಯ. ತಿನ್ನುವವರ ಭಯ.

ಸ್ವಲ್ಪ ಹಿಂದಕ್ಕೆ ಹೋಗೋಣ. 1872ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಲ್ಲಿ ವಾಲ್ಟರ್ ಸ್ಕಾಟ್ ಅನ್ನುವವನು ಕುದುರೆ ಗಾಡಿಯಲ್ಲಿ ಊಟ ಇಟ್ಟುಕೊಂಡು ರಾತ್ರಿ ಪತ್ರಿಕಾ ಕಚೇರಿಯ ಮುಂದೆ ನಿಲ್ಲಿಸಲು ಶುರು ಮಾಡಿದ. ರಾತ್ರಿ ಪಾಳಿಯವರಿಗೆ ಹೊಟ್ಟೆ ಹಸಿಯುತ್ತದೆ, ಹೋಟೆಲು ಮುಚ್ಚಿರುತ್ತವೆ. ಗಾಡಿಯೊಳಗೆ ಸ್ಕಾಟ್, ಹೊರಗೆ ರಸ್ತೆಯಲ್ಲಿ ನಿಂತು ತಿನ್ನುವ ಜನ. ನಮ್ಮ ತಳ್ಳುಗಾಡಿಯ ಲೆಕ್ಕವೇ. ಆಮೇಲೆ ಗಾಡಿ ದೊಡ್ಡದಾಯಿತು, ಗಿರಾಕಿ ಒಳಗೆ ಬಂದ, ಚಕ್ರ ಬಿಚ್ಚಿದರು. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂತು. ಅಲ್ಲಿಯವರೆಗೆ ಕೆಲಸಗಾರರು ಮಧ್ಯಾಹ್ನ ಹೋಗುತ್ತಿದ್ದುದು ಹೆಂಡದಂಗಡಿಗೆ. ಒಂದು ಲೋಟ ಬಿಯರ್ ತೆಗೆದುಕೊಂಡರೆ ತಿಂಡಿ ಪುಕ್ಕಟೆ ಸಿಗುತ್ತಿತ್ತು. ಆ ಬಾಗಿಲುಗಳು ಮುಚ್ಚಿದ ಮೇಲೆ ಅಗ್ಗದ ಊಟಕ್ಕೆ ಇಂಥ ಕಟ್ಟೆಗಳೇ ಗತಿಯಾದವು.

ಆದರೆ ಕೈಮಾ ಮಾಂಸ ಅಂದರೆ ಜನಕ್ಕೆ ಆಗ ನಂಬಿಕೆ ಇರಲಿಲ್ಲ. 1906ರಲ್ಲಿ ಷಿಕಾಗೋದ ಮಾಂಸದ ಕಾರ್ಖಾನೆಗಳ ಹೊಲಸನ್ನು ಬಯಲು ಮಾಡಿದ ಒಂದು ಕಾದಂಬರಿ ಬಂದು ದೇಶವೆಲ್ಲ ಅಸಹ್ಯಪಟ್ಟಿತ್ತು. ಅದೇ ವರ್ಷ ಮಾಂಸ ತಪಾಸಣೆ ಕಾಯ್ದೆಯೂ ಬಂತು. ಆದರೂ ಕೈಮಾ ಮಾಡಿದ ಮೇಲೆ ಒಳಗೆ ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು? ಹಿಂದಿನ ದಿನದ್ದೋ, ಕೊಳೆತದ್ದೋ? ಬೇರೆಯವರ ಎದುರು ಹ್ಯಾಂಬರ್ಗರ್ ತಿನ್ನುವುದು ಮರ್ಯಾದೆ ಕೆಲಸ ಅಂತ ಮೇಲಿನವರು ಎಣಿಸುತ್ತಿರಲಿಲ್ಲ. ಅದು ಜಾತ್ರೆಯಲ್ಲಿ, ಫ್ಯಾಕ್ಟರಿ ಗೇಟಿನಲ್ಲಿ ತಿನ್ನುವ ವಸ್ತು.

ಇಲ್ಲಿಗೆ ನಮ್ಮ ವಿಚಿಟಾ ಬರುತ್ತದೆ. ವಾಲ್ಟರ್ ಆಂಡರ್ಸನ್ ಅಂತ ಒಬ್ಬ ಅಡುಗೆಯವನಿದ್ದ. 1916ರಲ್ಲಿ ಒಂದು ಹಳೇ ಟ್ರಾಮ್ ಗಾಡಿಯನ್ನು ಸರಿಮಾಡಿಕೊಂಡು ಬರ್ಗರ್ ಅಂಗಡಿ ಇಟ್ಟ. ಒಂದಕ್ಕೆ ಐದು ಸೆಂಟ್ಸ್. ಮಾಂಸದ ಉಂಡೆ ಬೇಗ ಬೇಯುತ್ತಿಲ್ಲ ಅಂತ ಸಿಟ್ಟು ಬಂದು ಮಗುಚುವ ಕೈಯಿಂದ ಒಂದೇಟು ಕೊಟ್ಟ, ಅದು ಚಪ್ಪಟೆಯಾಯಿತು, ರುಚಿಯೂ ಆಯಿತು ಅಂತ ಅವನ ಬಗ್ಗೆ ಒಂದು ಕತೆ ಇದೆ. ಕತೆ ಎಷ್ಟು ನಿಜವೋ, ಬಿಡಿ. ಆದರೆ ಆ ಏಟನ್ನು ನಾನು ಸಾವಿರ ಸಲ ನೋಡಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

1921ರಲ್ಲಿ ಆಂಡರ್ಸನ್ ಜೊತೆ ಬಿಲ್ಲಿ ಇನ್‌ಗ್ರಾಂ ಸೇರಿದ. ಆಂಡರ್ಸನ್‌ಗೆ ಕಾವಲಿ ಗೊತ್ತು, ಇನ್‌ಗ್ರಾಂಗೆ ಜನರ ಮನಸ್ಸು ಗೊತ್ತು. ಇಬ್ಬರೂ ಸೇರಿ 700 ಡಾಲರಿನಲ್ಲಿ ಶುರು ಮಾಡಿದ ಅಂಗಡಿಗೆ ವೈಟ್ ಕ್ಯಾಸಲ್ ಅಂತ ಹೆಸರಿಟ್ಟರು. ಬಿಳಿ ಅಂದರೆ ಚೊಕ್ಕಟ, ಕೋಟೆ ಅಂದರೆ ಗಟ್ಟಿ. ಕಟ್ಟಡವೂ ಹಾಗೇ. ಷಿಕಾಗೋದಲ್ಲಿರುವ ಹಳೇ ನೀರಿನ ಗೋಪುರದ ಚಹರೆಯಲ್ಲಿ ಪುಟ್ಟ ಕೋಟೆ. ಗೋಡೆ ಬಿಳಿ, ಕೆಲಸದವರ ಬಟ್ಟೆ ಬಿಳಿ. ಬೇಯಿಸುವುದೆಲ್ಲ ಗಿರಾಕಿಯ ಕಣ್ಣೆದುರು. ನಿಮಗೆ ಅನುಮಾನ ಇದೆಯಾ, ಬನ್ನಿ, ಕೂತು ನೋಡಿ. ಅಷ್ಟೇ ಅವರ ಉತ್ತರ.

ಇನ್‌ಗ್ರಾಂ ಅಷ್ಟಕ್ಕೇ ಬಿಡಲಿಲ್ಲ. 1930ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗಕ್ಕೆ ದುಡ್ಡು ಕೊಟ್ಟ. ವೈದ್ಯಕೀಯ ಓದುತ್ತಿದ್ದ ಹುಡುಗನೊಬ್ಬ 13 ವಾರ ಬರೀ ವೈಟ್ ಕ್ಯಾಸಲ್ ಬರ್ಗರು ಮತ್ತು ನೀರು, ಬೇರೇನೂ ಇಲ್ಲ. ಕೊನೆಗೆ ದಿನಕ್ಕೆ ಇಪ್ಪತ್ತಕ್ಕೂ ಜಾಸ್ತಿ ತಿನ್ನುತ್ತಿದ್ದನಂತೆ. ಹುಡುಗ ಆರೋಗ್ಯವಾಗಿದ್ದಾನೆ ಅಂತ ವರದಿ ಬಂತು, ಇನ್‌ಗ್ರಾಂ ಅದನ್ನೇ ಊರೆಲ್ಲ ಸಾರಿದ. ಇಪ್ಪತ್ತು ಅಂದರೆ ಗಾಬರಿಯಾಗಬೇಡಿ, ಅವು ಅಂಗೈಯಲ್ಲಿ ಎರಡು ಹಿಡಿಯುವಷ್ಟು ಸಣ್ಣವು. ಆದರೂ 13 ವಾರ! ನನಗೆ ಉಪ್ಪಿಟ್ಟು 3 ದಿನ ಕೊಟ್ಟರೆ ಮನೆ ಬಿಡುತ್ತೇನೆ.

ಈ ಬಿಳಿ ಹೆಸರು ಓಡತೊಡಗಿದ ಮೇಲೆ ದೇಶದ ತುಂಬ ಬಿಳಿ ಅಂಗಡಿಗಳು ಎದ್ದವು. ಮಿಲ್ವಾಕಿಯಲ್ಲಿ 1926ರಲ್ಲಿ ವೈಟ್ ಟವರ್. ನ್ಯೂಜೆರ್ಸಿಯಲ್ಲಿ ವೈಟ್ ಮನ್ನಾ. ಇನ್ನೆಲ್ಲೋ ವೈಟ್ ಹಟ್. ನಮ್ಮಲ್ಲಿ ಬೆಣ್ಣೆ ದೋಸೆ ಅಂಗಡಿ ಎಲ್ಲಿದ್ದರೂ ಬೋರ್ಡಿನಲ್ಲಿ ದಾವಣಗೆರೆ ಇರುತ್ತದಲ್ಲ, ಹಾಗೆ. ವೈಟ್ ಟವರ್ ಮೇಲೆ ಕೋರ್ಟಿಗೂ ಹೋಗಿ ವೈಟ್ ಕ್ಯಾಸಲ್‌ನವರು ಗೆದ್ದರು. ತಮಾಷೆ ಏನೆಂದರೆ, ಅದು ಹುಟ್ಟಿದ ವಿಚಿಟಾದಲ್ಲಿ ನಾನು ಒಂದೂ ವೈಟ್ ಕ್ಯಾಸಲ್ ಕಾಣಲಿಲ್ಲ. 1934ರಲ್ಲಿ ಮುಖ್ಯ ಕಚೇರಿ ಒಹಾಯೋದ ಕೊಲಂಬಸ್‌ಗೆ ಹೋಯಿತು, 1938ರಲ್ಲಿ ಅಂಗಡಿಗಳೂ ಎದ್ದು ಹೋದವು. ಊರಲ್ಲಿ ಉಳಿದದ್ದು ನು-ವೇ ಅನ್ನುವ ಇನ್ನೊಂದು ಹಳೇ ಅಂಗಡಿ. 1930ರದ್ದು. ಅಲ್ಲಿ ಮಾಂಸವನ್ನು ತಟ್ಟುವುದೇ ಇಲ್ಲ. ಉದುರುದುರಾಗಿ ಬೇಯಿಸಿ ಬನ್ನಿಗೆ ತುಂಬುತ್ತಾರೆ. ಮಸಾಲೆ ಇಲ್ಲದ ಖೀಮಾ ಅಂದುಕೊಳ್ಳಿ. ಅರ್ಧ ಕೆಳಗೆ ಉದುರುತ್ತದೆ. ಅಯೋವಾ ರಾಜ್ಯದಲ್ಲಿ ಈ ಬಗೆಯದಕ್ಕೆ ಮೇಡ್-ರೈಟ್ ಅಂತ ಹೆಸರು, 1926ರಿಂದ ಇದೆ, ಅಲ್ಲಿ ಉದುರಿದ್ದನ್ನು ತಿನ್ನಲು ಚಮಚವನ್ನೂ ಕೊಡುತ್ತಾರೆ.

ಈಗ ಆ ಏಟಿನ ವಿಷಯ.

ನಾನು ಕೂರುತ್ತಿದ್ದ ಅಂಗಡಿಯ ಅಡುಗೆಯವನು ಕೈಮಾ ಮಾಂಸವನ್ನು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡಿರುತ್ತಿದ್ದ. ಅದುಮಿ ಕಟ್ಟಿದ ಉಂಡೆ ಅಲ್ಲ, ಸುಮ್ನೆ ಕೂಡಿಸಿದ್ದು. ಆರ್ಡರ್ ಬಂದ ಮೇಲೆ ಉಂಡೆಯನ್ನು ಕಾವಲಿಗೆ ಎಸೆದು, ಅರ್ಧ ನಿಮಿಷದೊಳಗೆ ಅಗಲವಾದ ಮಗುಚುವ ಕೈಯಿಟ್ಟು, ಅದರ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು, ಪೂರ್ತಿ ಮೈಭಾರ ಹಾಕಿ ಒತ್ತುತ್ತಿದ್ದ. ಚುಂಯ್ ಅಂತ ಸದ್ದು. ಉಂಡೆ ತೆಳ್ಳಗೆ, ಅಂಚು ಹರಿದುಹೋದ ರೊಟ್ಟಿಯಂತೆ ಆಗುತ್ತಿತ್ತು. ಒಮ್ಮೆ ಒತ್ತಿದ ಮೇಲೆ ಮತ್ತೆ ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಕೇಳಿದೆ. ಮೊದಲು ಒತ್ತಿದರೆ ಕೊಬ್ಬು ಇನ್ನೂ ಗಟ್ಟಿ ಇರುತ್ತದೆ, ಏನೂ ಹೊರಗೆ ಬರುವುದಿಲ್ಲ, ಇಡೀ ಮೈ ಕಾವಲಿಗೆ ಅಂಟಿ ಕೆಂಪಗೆ ಕರುಕಲಾಗುತ್ತದೆ. ಕೊಬ್ಬು ಕರಗಿದ ಮೇಲೆ ಒತ್ತಿದರೆ ರಸವೆಲ್ಲ ಕಾವಲಿ ಪಾಲು ಅಂದ. ದೋಸೆ ಹುಯ್ಯುವವರಿಗೆ ಈ ಮಾತು ಬೇರೆ ರೀತಿಯಲ್ಲಿ ಗೊತ್ತು. ಹಿಟ್ಟು ಬಿದ್ದ ತಕ್ಷಣ ಹರಡಬೇಕು, ಬೆಂದ ಮೇಲೆ ಕೈಯಾಡಿಸಿದರೆ ಕೆಟ್ಟಿತು ಅಂತಲೇ.

ಮಗುಚುವಾಗ ಅವನು ಕಾವಲಿಯಿಂದ ಎತ್ತುತ್ತಿರಲಿಲ್ಲ, ಕೆರೆಯುತ್ತಿದ್ದ. ಅಂಟಿದ ಆ ಕಂದು ಪದರ ಪೂರ್ತಿ ಜೊತೆಗೆ ಬರಬೇಕು. ಅದೇ ರುಚಿಯಂತೆ. ಬನ್ನಿನ ಎರಡು ಹೋಳನ್ನು ಮಾಂಸದ ಮೇಲೆಯೇ ಮಗುಚಿ ಇಡುತ್ತಿದ್ದ, ಹಬೆಗೆ ಅವು ಮೆತ್ತಗಾಗುತ್ತಿದ್ದವು. ನಮ್ಮ ಹೋಟೆಲಿನಲ್ಲಿ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಕಾವಲಿ ಗುಡಿಸುತ್ತಾರಲ್ಲ, ಅವನ ಹತ್ತಿರ ಅದಕ್ಕೆ ಚಪ್ಪಟೆ ಕಬ್ಬಿಣದ ಉಜ್ಜುಕ ಇತ್ತು. ಜಿಡ್ಡನ್ನೆಲ್ಲ ತಳ್ಳಿ ಮುಂದಿನ ಕಾಲುವೆಗೆ ಬೀಳಿಸುತ್ತಿದ್ದ. ನಾನು ಎಣಿಸಿದ್ದೇನೆ, ಊಟದ ಹೊತ್ತಿನಲ್ಲಿ ಒಂದೇ ಸಲಕ್ಕೆ ಹದಿನಾಲ್ಕು ಬರ್ಗರ್, ಮೂರು ಮೊಟ್ಟೆ, ಎರಡು ಸ್ಯಾಂಡ್‌ವಿಚ್, ಒಂದು ಮೂಲೆಯಲ್ಲಿ ಈರುಳ್ಳಿ ರಾಶಿ. ಚೀಟಿ ನೋಡಿದ್ದು ಒಮ್ಮೆ ಮಾತ್ರ.

ಈರುಳ್ಳಿ ಅಂದೆನಲ್ಲ, ಅದಕ್ಕೆ ಒಂದು ಪ್ರಯಾಣದ ಕತೆ ಇದೆ. ವಿಚಿಟಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು 3 ಗಂಟೆ ಹೋದರೆ ಒಕ್ಲಹೋಮಾದ ಎಲ್ ರೀನೋ ಅನ್ನುವ ಊರು ಸಿಗುತ್ತದೆ. ಹಳೇ ರೂಟ್ 66 ಹೆದ್ದಾರಿಯ ಮೇಲಿದೆ. ಗೆಳೆಯನ ಹಟಕ್ಕೆ ಒಂದು ಶನಿವಾರ ಹೋದೆವು. ಅದು ರೈಲ್ವೆ ಊರು. 1922ರಲ್ಲಿ ದೇಶದ ರೈಲ್ವೆ ವರ್ಕ್‌ಷಾಪಿನವರು ದೊಡ್ಡ ಮುಷ್ಕರ ಹೂಡಿದರು. ಸಂಬಳ ಇಲ್ಲ, ಮಾಂಸಕ್ಕೆ ದುಡ್ಡಿಲ್ಲ, ಈರುಳ್ಳಿ ಅಗ್ಗ. ಕೌಂಟರಿನವರು ಒಂದು ಉಪಾಯ ಮಾಡಿದರು. ಮಾಂಸ ಕಡಿಮೆ ಮಾಡಿ, ಕೂದಲೆಳೆಯಂತೆ ಹೆಚ್ಚಿದ ಈರುಳ್ಳಿಯನ್ನು ಒಂದು ಹಿಡಿ ಮೇಲೆ ಹಾಕಿ, ಮಗುಚುವ ಕೈಯ ಬೆನ್ನಿನಿಂದ ಮಾಂಸದೊಳಕ್ಕೆ ಒತ್ತಿಬಿಟ್ಟರು. ನೋಡಲು ದೊಡ್ಡದು, ತಿನ್ನಲು ಸಿಹಿ. ಮುಷ್ಕರ ಮುಗಿಯಿತು, ಆಮೇಲೆ 1930ರ ದಶಕದ ಕಷ್ಟಕಾಲವೂ ಮುಗಿಯಿತು. ಈರುಳ್ಳಿ ಮಾತ್ರ ಹೋಗಲಿಲ್ಲ. 1926ರ ರಾಬರ್ಟ್ಸ್ ಗ್ರಿಲ್, 1946ರ ಜಾನೀಸ್ ಗ್ರಿಲ್, ಸಿಡ್ಸ್ ಡೈನರ್, ಎಲ್ಲ ಹತ್ತಿರ ಹತ್ತಿರವೇ ಇವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಈ ಈರುಳ್ಳಿ ಬರ್ಗರಿಗೆಂದೇ ಅಲ್ಲಿ ಹಬ್ಬ ಆಗುತ್ತದೆ. ಬಡತನದಲ್ಲಿ ಕಲಿತ ರುಚಿ ನಾಲಿಗೆ ಬಿಡುವುದಿಲ್ಲ. ನನ್ನ ಅಜ್ಜಿ ಅನ್ನ ಮಿಗದ ದಿನವೂ ತಂಗಳನ್ನ ಬೇಕು ಅನ್ನುತ್ತಿದ್ದಳು.

ನಾನು ಅಲ್ಲಿ ಏನು ತಿಂದೆ? ಈರುಳ್ಳಿ ಮಾತ್ರ ಹಾಕಿ ಬನ್ ಕೊಡಿ ಅಂದೆ. ಬಡಿಸುವಾಕೆ ನನ್ನನ್ನು ಎರಡು ಸಲ ನೋಡಿದಳು. ಮೇಲೆ ಚೀಸ್ ಹಾಕ್ಲಾ ಹನೀ ಅಂದಳು. ಹಾಕಿ ಅಂದೆ. ಆ ಬನ್ನಿನ ರುಚಿ ಇವತ್ತಿಗೂ ನೆನಪಿದೆ. ಆದರೆ ಅರ್ಧ ತಿಂದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಬಂತು. ಇಷ್ಟು ರುಚಿ ಈರುಳ್ಳಿಗೆ ಎಲ್ಲಿಂದ ಬಂತು?

ಹೌದು, ನೀವು ನಗುತ್ತಿರುವುದು ಸರಿ. ಒಂದೇ ಕಾವಲಿ. ಈರುಳ್ಳಿ ಬೆಂದದ್ದು ಆ ಕೊಬ್ಬಿನಲ್ಲೇ. ಆಗ ಇನ್ನೊಂದು ಹೊಳೆಯಿತು: ಅಷ್ಟು ತಿಂಗಳಿಂದ ವಿಚಿಟಾದಲ್ಲಿ ನಾನು ತಿನ್ನುತ್ತಿದ್ದ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಎಲ್ಲಿ ಬೆಂದಿತ್ತು? ಮೂರಡಿ ದೂರದಲ್ಲಿ ಕೂತು ದಿನಾ ನೋಡಿದವನು ನಾನು. ಎಲ್ಲವನ್ನೂ ನೋಡಿದ್ದೆ, ನನಗೆ ಬೇಡವಾದದ್ದನ್ನು ಬಿಟ್ಟು. ಕಣ್ಣೆದುರು ಬೇಯಿಸಿದರೂ ಕಾಣಲು ಮನಸ್ಸು ಬೇಕಲ್ಲ.

ಸೋಮವಾರ ಹೋಗಿ ಅಡುಗೆಯವನಿಗೆ ಸಂಕೋಚದಿಂದ ಹೇಳಿದೆ. ನನಗೆ ಬೈಗುಳ ಬರುತ್ತದೆ ಅಂದುಕೊಂಡಿದ್ದೆ, ಊಟದ ಹೊತ್ತಿನ ರಶ್ಶು ಬೇರೆ. ಅವನು ಏನೂ ಹೇಳಲಿಲ್ಲ. ಮೊಟ್ಟೆ ಹುರಿಯುವ ಸಣ್ಣ ಬಾಣಲೆಯೊಂದನ್ನು ಕೆಳಗಿನಿಂದ ತೆಗೆದ, ತೊಳೆದ, ಒರೆಸಿ ನನಗೆ ತೋರಿಸಿದ. ಬೆಣ್ಣೆ ಹಾಕಿ, ಬ್ರೆಡ್ಡಿನ ನಡುವೆ ಎರಡು ಹಾಳೆ ಹಳದಿ ಚೀಸಿಟ್ಟು ಬೇಯಿಸಿದ. ನಿಜ ಹೇಳಲೇ? ಮೊದಲಿನಷ್ಟು ರುಚಿ ಇರಲಿಲ್ಲ.

ಆ ಸ್ಯಾಂಡ್‌ವಿಚ್ಚಿನ ಬ್ರೆಡ್ಡಿನ ಬಗ್ಗೆಯೂ ಒಂದು ಮಾತು. ಈ ಕಟ್ಟೆಗಳಲ್ಲಿ ಬರ್ಗರಿನಷ್ಟೇ ಸ್ಯಾಂಡ್‌ವಿಚ್ ಓಡಲು ಕಾರಣ ಹೋಳು ಮಾಡಿದ ಬ್ರೆಡ್. ಆಟೋ ರೋವೆಡರ್ ಅನ್ನುವವನು ಮಾಡಿದ ಯಂತ್ರದಿಂದ ಮಿಸೌರಿಯ ಚಿಲಿಕಾಥಿ ಊರಲ್ಲಿ 1928ರ ಜುಲೈನಲ್ಲಿ ಮೊದಲ ಸಲ ಹೋಳು ಬ್ರೆಡ್ ಅಂಗಡಿಗೆ ಬಂತು. ಅಲ್ಲಿಯವರೆಗೆ ಚಾಕು ಹಿಡಿದು ಒಂದೊಂದೇ ಕೊಯ್ಯಬೇಕಿತ್ತು. ಹೋಳು ಬಂದ ಮೇಲೆ ಒಬ್ಬನೇ ಅಡುಗೆಯವನು ಹನ್ನೊಂದು ಸ್ಟೂಲು ನಿಭಾಯಿಸಬಲ್ಲವನಾದ.

ಇನ್ನು ಆರ್ಡರ್ ಕೂಗುವ ಭಾಷೆ. ನಮ್ಮಲ್ಲಿ ಎರಡು ಖಾಲಿ, ಒಂದು ಸೆಟ್ಟು, ಬೈಟು ಕಾಫಿ ಅಂತ ಕೂಗುತ್ತಾರಲ್ಲ. ಖಾಲಿ ಅಂದರೆ ತಟ್ಟೆ ಖಾಲಿ ಅಂತ ಪರವೂರಿನವರು ತಿಳಿಯುತ್ತಾರೆ. ಹಾಗೇ ಅಲ್ಲೂ ಒಂದು ಕಟ್ಟೆ ಭಾಷೆ ಇತ್ತು. ಟೋಸ್ಟಿನ ಮೇಲೆ ಎರಡು ಮೊಟ್ಟೆ ಅಂದರೆ ತೆಪ್ಪದ ಮೇಲೆ ಆಡಮ್ಮು ಈವ್. ಅದನ್ನೇ ಕದಡಿ ಕೊಡಬೇಕಾದರೆ ಒಡೆದುಹಾಕು. ಬರ್ಗರಿಗೆ ಸೊಪ್ಪು, ಟೊಮೇಟೊ, ಈರುಳ್ಳಿ ಎಲ್ಲ ಬೇಕು ಅಂದರೆ ತೋಟದಲ್ಲಿ ಎಳೆದುಕೊಂಡು ಬಾ. ಪದಾರ್ಥ ಮುಗಿದಿದ್ದರೆ ಎಂಬತ್ತಾರು. ಈ ಎಂಬತ್ತಾರು ಇವತ್ತಿಗೂ ಅಲ್ಲಿಯ ಅಡುಗೆಮನೆಗಳಲ್ಲಿ ಬಳಕೆಯಲ್ಲಿದೆ. ಉಳಿದವನ್ನು ಈಗ ಕೂಗುವವರು ಕಡಿಮೆ, ಕೂಗಿದರೂ ಪ್ರವಾಸಿಗಳಿಗಾಗಿ.

ಹಳತು ಅಂದರೆ ಎಷ್ಟು ಹಳತು ಅಂತ ನೋಡಬೇಕಾದರೆ ಕನೆಕ್ಟಿಕಟ್‌ನ ನ್ಯೂಹೇವನ್‌ಗೆ ಹೋಗಬೇಕು. ಅಲ್ಲಿ ಲೂಯಿಸ್ ಲಂಚ್ ಅಂತ ಇದೆ. 1895ರಲ್ಲಿ ಶುರುವಾಯಿತು. 1900ರಲ್ಲಿ ಮೊದಲ ಹ್ಯಾಂಬರ್ಗರ್ ಮಾಡಿದ್ದು ನಾವೇ ಅನ್ನುತ್ತಾರೆ. ಹಾಗೆ ಹೇಳುವವರು ಇನ್ನೂ ನಾಲ್ಕೈದು ಊರಲ್ಲಿದ್ದಾರೆ, ಆ ಜಗಳಕ್ಕೆ ನಾವು ಹೋಗುವುದು ಬೇಡ. ನೋಡಬೇಕಾದ್ದು ಒಲೆ. 1898ರ ಕಾಲದ ಎರಕದ ಕಬ್ಬಿಣದ ಪೆಟ್ಟಿಗೆಗಳು. ತಂತಿ ಜಾಲರಿಯ ನಡುವೆ ಮಾಂಸವನ್ನು ಸಿಕ್ಕಿಸಿ ನೆಟ್ಟಗೆ ನಿಲ್ಲಿಸುತ್ತಾರೆ, ಎರಡು ಕಡೆಯಿಂದಲೂ ಒಟ್ಟಿಗೆ ಉರಿ. ಬನ್ ಇಲ್ಲ, ಟೋಸ್ಟ್. ಬೇಕಾದರೆ ಚೀಸ್, ಟೊಮೇಟೊ, ಈರುಳ್ಳಿ. ಕೆಚಪ್ ಕೇಳಬಾರದು. ಕೇಳಿದರೆ ಕೊಡುವುದಿಲ್ಲ. 1975ರಲ್ಲಿ ಆ ಜಾಗ ಬೇರೆ ಕಟ್ಟಡಕ್ಕೆ ಹೋಗುವಾಗ, ಇಡೀ ಪುಟ್ಟ ಇಟ್ಟಿಗೆ ಅಂಗಡಿಯನ್ನೇ ಎತ್ತಿ ಬೇರೆ ರಸ್ತೆಗೆ ಸಾಗಿಸಿದರು. ನಾನು ಅಲ್ಲಿ ಆಲೂಗಡ್ಡೆ ಸಲಾಡ್ ತಿಂದು ಬಂದೆ. ಒಲೆ ಚೆನ್ನಾಗಿತ್ತು, ಸಲಾಡ್ ಅಷ್ಟಕ್ಕಷ್ಟೆ.

ಸ್ಟೂಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಆ ಸ್ಟೂಲಿನಲ್ಲಿ ಕೂರಲು ಸಿಕ್ಕವರ ಕತೆ.

ವಿಚಿಟಾದ ಪೇಟೆ ಬೀದಿ ಡಗ್ಲಾಸ್ ಅವೆನ್ಯೂ. ಅಲ್ಲಿ ಒಂದು ಸಣ್ಣ ಪಾರ್ಕಿನಲ್ಲಿ ಕಂಚಿನ ಕೌಂಟರ್ ಇದೆ. ಕಂಚಿನ ಜನ, ಕಂಚಿನ ಸ್ಟೂಲು. ಮೊದಲ ಸಲ ನೋಡಿದಾಗ ಬರ್ಗರ್ ಹುಟ್ಟಿದ ಊರು ಅಂತ ಸ್ಮಾರಕ ಮಾಡಿದ್ದಾರೆ ಅಂದುಕೊಂಡೆ. ಹತ್ತಿರ ಹೋಗಿ ಓದಿದೆ. ಅದು 1958ರ ಕತೆ.

ಆ ಕಾಲದಲ್ಲಿ ಔಷಧಿ ಅಂಗಡಿಗಳಲ್ಲೂ ಸೋಡಾ, ಸ್ಯಾಂಡ್‌ವಿಚ್ಚಿನ ಕಟ್ಟೆ ಇರುತ್ತಿತ್ತು. ವಿಚಿಟಾದ ಡಾಕಮ್ ಡ್ರಗ್ ಸ್ಟೋರ್ ಅಂಥದ್ದು. ಕರಿಯರು ಔಷಧಿ ಕೊಳ್ಳಬಹುದು, ಸಾಬೂನು ಕೊಳ್ಳಬಹುದು. ತಿಂಡಿ ಬೇಕಾದರೆ ಪೊಟ್ಟಣ ಕಟ್ಟಿಸಿಕೊಂಡು ಹೊರಗೆ ಹೋಗಬೇಕು. ಸ್ಟೂಲಿನ ಮೇಲೆ ಕೂರುವ ಹಾಗಿಲ್ಲ. ಜುಲೈ 19ರಂದು, ಕರಿಯರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಅನ್ನುವ ಸಂಘಟನೆಯ ಯುವ ಘಟಕದ ಹುಡುಗ ಹುಡುಗಿಯರು ಚೆನ್ನಾಗಿ ಬಟ್ಟೆ ಹಾಕಿಕೊಂಡು ಬಂದು ಸ್ಟೂಲುಗಳ ಮೇಲೆ ಕೂತರು. ರಾನ್ ವಾಲ್ಟರ್ಸ್, ಕ್ಯಾರಲ್ ಪಾರ್ಕ್ಸ್ ಅನ್ನುವ ಇಬ್ಬರು ಎಳೆಯರು ಮುಂದಾಳುಗಳು. ವಾಲ್ಟರ್ಸ್‌ಗೆ ಆಗ ಸುಮಾರು 20 ವರ್ಷ. ಬಡಿಸಲಿಲ್ಲ. ಸುಮ್ಮನೆ ಕೂತರು. ಮತ್ತೆ ಬಂದರು, ಮತ್ತೆ ಕೂತರು. ಹನ್ನೊಂದೋ ಹದಿನೈದೋ ಸ್ಟೂಲಿರುವ ಅಂಗಡಿಯಲ್ಲಿ ತಿನ್ನದವರು ಕೂತರೆ ಏನಾಗುತ್ತದೆ ಅಂತ ಯೋಚಿಸಿ. ವ್ಯಾಪಾರ ನಿಂತಿತು. ಮೂರು ವಾರ ಕಳೆದು ಆಗಸ್ಟ್ 11ರಂದು, ಇವರಿಗೆ ಬಡಿಸಿ, ನನಗೆ ತುಂಬ ನಷ್ಟ ಆಗುತ್ತಿದೆ ಅಂತ ಅಂಗಡಿಯವರೇ ಕೈಚೆಲ್ಲಿದರು.

ನಾವೆಲ್ಲ ಓದಿರುವುದು ಗ್ರೀನ್ಸ್‌ಬರೋದ ಕತೆ. 1960ರ ಫೆಬ್ರುವರಿ 1ರಂದು ಉತ್ತರ ಕೆರೊಲಿನಾದಲ್ಲಿ ನಾಲ್ಕು ಕಾಲೇಜು ಹುಡುಗರು ವುಲ್‌ವರ್ತ್ ಅಂಗಡಿಯಲ್ಲಿ ಮೊದಲು ಟೂತ್‌ಪೇಸ್ಟು ಅದು ಇದು ಕೊಂಡು ರಸೀದಿ ತೆಗೆದುಕೊಂಡರು. ಆಮೇಲೆ ತಿಂಡಿ ಕಟ್ಟೆಗೆ ಹೋಗಿ ಕೂತು ಕಾಫಿ ಕೇಳಿದರು. ಅಲ್ಲಿ ನಮ್ಮ ದುಡ್ಡು ನಡೆಯಿತು, ಇಲ್ಲಿ ಯಾಕೆ ನಡೆಯುವುದಿಲ್ಲ ಅಂತ ವಾದ. ಆ ಹುಡುಗರಿಗೆ ಗಾಂಧೀಜಿಯ ದಾರಿ ಗೊತ್ತಿತ್ತು. ಕೆಲವೇ ದಿನಗಳಲ್ಲಿ ನೂರಾರು ಜನ ಸೇರಿದರು. ಜುಲೈ 25ರಂದು ಆ ಕಟ್ಟೆಯಲ್ಲಿ ಮೊದಲ ಬಾರಿಗೆ ಕರಿಯರಿಗೆ ಬಡಿಸಿದರು. ಹಾಗೆ ಮೊದಲು ಕೂತು ಉಂಡವರು ಅದೇ ಅಂಗಡಿಯ ಕೆಲಸದವರು. ಅಷ್ಟು ವರ್ಷ ಕಟ್ಟೆ ಆಚೆ ನಿಂತು ದುಡಿದವರು. ಬೇಯಿಸುವ ಕೈಗೆ ತಕರಾರಿಲ್ಲ, ಕೂರುವ ಮೈಗೆ ಮಾತ್ರ ತಕರಾರು. ನಮಗೆ ಇದು ಹೊಸ ವಿಷಯ ಏನಲ್ಲ. ಬ್ರಾಹ್ಮಣರಿಗೆ ಬೇರೆ ಕೋಣೆ, ಕೆಲವರಿಗೆ ಹೊರಗಿಟ್ಟ ಬೇರೆ ಲೋಟ, ಇವನ್ನೆಲ್ಲ ನಮ್ಮ ಹೋಟೆಲುಗಳೂ ಕಂಡಿವೆ.

ಇದರ ಬಗ್ಗೆ ಹ್ಯಾರಿ ಗೋಲ್ಡನ್ ಅನ್ನುವ ಪತ್ರಕರ್ತ ಒಂದು ಕುಚೋದ್ಯ ಮಾಡಿದ್ದ. ಅವನು ಇದ್ದದ್ದೂ ಉತ್ತರ ಕೆರೊಲಿನಾದಲ್ಲೇ. ಬಿಳಿಯರು ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ಕರಿಯರ ಪಕ್ಕ ನಿಲ್ಲುತ್ತಾರೆ, ಏನೂ ಅನ್ನುವುದಿಲ್ಲ. ಕೂತಾಗಲೇ ತೊಂದರೆ. ಆದ್ದರಿಂದ ಶಾಲೆಗಳಲ್ಲಿ ಬೆಂಚು ತೆಗೆದುಬಿಡಿ, ಎಲ್ಲರೂ ನಿಂತೇ ಓದಲಿ, ಜಗಳವೇ ಇರುವುದಿಲ್ಲ ಅಂದ. ನಗೆ ಬರುತ್ತದೆ. ಆದರೆ ಧರಣಿ ಶುರುವಾದ ಮೇಲೆ ಕೆಲವು ಅಂಗಡಿಗಳವರು ನಿಜವಾಗಿಯೂ ಸ್ಟೂಲು ಕಿತ್ತು ಹಾಕಿದರು.

ಕಣ್ಣೆದುರು ಬೇಯಿಸಿ ನಂಬಿಕೆ ಗಳಿಸಲು ಮಾಡಿದ ಜಾಗ, ಭುಜಕ್ಕೆ ಭುಜ ತಾಗುವ ಜಾಗ. ಅದಕ್ಕೇ ಜಗಳವೂ ಅಲ್ಲೇ ಆಯಿತು ಅಂತ ನನಗನ್ನಿಸುತ್ತದೆ. ಬೇರೆ ಬೇರೆ ಟೇಬಲ್ ಇರುವ ದೊಡ್ಡ ಹೋಟೆಲಿನಲ್ಲಿ ಮುಖ ತಿರುಗಿಸಿ ಕೂರಬಹುದು. ಇಲ್ಲಿ ಪಕ್ಕದವನ ಮೊಣಕೈ ನಿಮ್ಮ ತಟ್ಟೆಗೆ ಬರುತ್ತದೆ. ಉಪ್ಪು ಕೊಡಪ್ಪ ಅಂತ ಕೇಳಲೇಬೇಕು. ಇನ್ನೊಂದು ವಿಷಯ, ಅದೇ 1958ರಲ್ಲಿ ಅದೇ ವಿಚಿಟಾದಲ್ಲಿ ಪಿಜ್ಜಾ ಹಟ್ ಶುರುವಾಯಿತು. ಊರಿನವರು ಹೊರಗಿನವರಿಗೆ ಮೊದಲು ಹೇಳುವುದು ಅದನ್ನೇ.

ಸ್ಟೂಲುಗಳು ಖಾಲಿಯಾದದ್ದಕ್ಕೆ ಇನ್ನೊಂದು ಕಾರಣ ಕ್ಯಾಲಿಫೋರ್ನಿಯಾದಿಂದ ಬಂತು. ಸ್ಯಾನ್ ಬರ್ನಾರ್ಡಿನೋದಲ್ಲಿ ಮ್ಯಾಕ್‌ಡೊನಾಲ್ಡ್ ಸಹೋದರರು 1948ರಲ್ಲಿ ತಮ್ಮ ಹೋಟೆಲನ್ನು ಮುಚ್ಚಿ, ತಟ್ಟೆ, ಚಮಚ, ಬಡಿಸುವವರು ಎಲ್ಲರನ್ನೂ ತೆಗೆದು, ಒಂಬತ್ತೇ ಪದಾರ್ಥ ಇಟ್ಟು ಮತ್ತೆ ತೆರೆದರು. ಬರ್ಗರಿಗೆ 15 ಸೆಂಟ್ಸ್. ಕಿಟಕಿಯಲ್ಲಿ ತೆಗೆದುಕೋ, ಕಾರಿನಲ್ಲಿ ತಿನ್ನು. ಮುಂದಿನದು ನಿಮಗೆ ಗೊತ್ತು. ನಮ್ಮ ಮಾಲಿಗೆ ಬಂದದ್ದು ಆ ದಾರಿಯಿಂದ. ನನಗೆ ಅದರ ಮೇಲೆ ಕೋಪ ಏನಿಲ್ಲ, ಮಕ್ಕಳಿಗೆ ಇಷ್ಟ. ಆದರೆ ಅಲ್ಲಿ ಏನು ಬೇಯುತ್ತದೆ ಅಂತ ಕೂತು ನೋಡಲು ಆಗುವುದಿಲ್ಲ.

ಕೊನೆಗೆ, ನಿಮ್ಮಲ್ಲಿ ಹಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಹೋದಾಗ ಇಂಥ ಅಂಗಡಿ ಕಂಡರೆ ಒಳಗೆ ಹೋಗಿ. ಒಬ್ಬರೇ ಹೋದರೂ ಮುಜುಗರ ಬೇಡ, ಅದು ಒಬ್ಬರೇ ಹೋಗುವ ಜಾಗವೇ. ಕಾವಲಿ ಕಾಣುವ ಸ್ಟೂಲು ಹಿಡಿಯಿರಿ. ಜೇಬಿನಲ್ಲಿ ನೋಟು ಇರಲಿ, ಕೆಲವು ಕಡೆ ಕಾರ್ಡು ನಡೆಯುವುದಿಲ್ಲ. ಕಾಫಿ ಲೋಟ ಖಾಲಿಯಾದ ಹಾಗೆ ಮತ್ತೆ ತುಂಬುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ, ಸಾಕಾದರೆ ಸಾಕು ಅನ್ನಿ. ಬಡಿಸಿದವರಿಗೆ ನೂರಕ್ಕೆ 15-20 ಟಿಪ್ಸ್ ಬಿಡಬೇಕು, ಅವರ ಸಂಬಳ ಬಹುಪಾಲು ಅದೇ. ಮಾಂಸ ತಿನ್ನದವರು ಬೇರೆ ಬಾಣಲೆ ಕೇಳಿ. ನನ್ನ ಹಾಗೆ ಆರು ತಿಂಗಳು ಕಾಯಬೇಡಿ.

ಮಿಲ್ಕ್‌ಶೇಕ್ ಮರೆಯಬೇಡಿ. ಉದ್ದನೆಯ ಸ್ಟೀಲ್ ಲೋಟವನ್ನು ಯಂತ್ರಕ್ಕೆ ಸಿಕ್ಕಿಸಿ ಗರ್ರ್ ಅಂತ ತಿರುಗಿಸಿ, ಗಾಜಿನ ಲೋಟಕ್ಕೆ ಸುರಿದು ಮುಂದಿಡುತ್ತಾರೆ. ಪಕ್ಕದಲ್ಲಿ ಆ ಸ್ಟೀಲ್ ಲೋಟವನ್ನೂ ಇಡುತ್ತಾರೆ. ತೊಳೆಯಲು ಇಟ್ಟಿದ್ದಾರೆ ಅಂದುಕೊಂಡು ನಾನು ಮೊದಲ ಸಲ ಅದನ್ನು ಮುಟ್ಟದೆ ಎದ್ದೆ. ಬಾಗಿಲ ತನಕ ಹೋಗಿದ್ದೆ. ಬಡಿಸುವಾಕೆ ಹಿಂದಿನಿಂದ ಕೂಗಿದಳು, ಹನೀ, ಇನ್ನೂ ಅರ್ಧ ಇದರಲ್ಲೇ ಇದೆ. ವಾಪಸ್ ಬಂದು ಕೂತೆ.